ಕ್ಯಾಪ್ಟನ್ ಅಕ್ಬೋತ ಮರಳಿದಳೇ?

ಬೈಮುರತ್ ನಿದ್ದೆ ಮಾಡಿಬಿಟ್ಟ. ಅಷ್ಟೇ ಅವನ ತಪ್ಪು. ರಾತ್ರಿ ಬಯಲಿನಿಂದ ಧೂಳುಗಾಳಿ ಎದ್ದು ಬೀದಿಯವರೆಲ್ಲ ಬಾಗಿಲು ಹಾಕಿಕೊಂಡಿದ್ದರು. ಅವನೊಬ್ಬನೇ ತನ್ನ ದೊಡ್ಡ ಟಿವಿಯ ಮುಂದೆ ‘ಶನಿಯಾಚೆ’ ಧಾರಾವಾಹಿಯ ಕೊನೆಯ ಕಂತಿಗೆ ಕಾದು ಕೂತು, ಜಾಹೀರಾತು ಮುಗಿಯುವ ಮೊದಲೇ ಗೊರಕೆ ಹೊಡೆದ. ಕಣ್ಣು ಬಿಟ್ಟಾಗ ಬೆಳಗಾಗಿತ್ತು. ಟಿವಿಯಲ್ಲಿ ಯಾರೋ ಹಿಟ್ಟು ನಾದುತ್ತಿದ್ದರು.

ಹಿಂದಿನ ವಾರದ ಕಂತಿನಲ್ಲಿ ಕ್ಯಾಪ್ಟನ್ ಅಕ್ಬೋತ ತನ್ನ ಬಾಹ್ಯಾಕಾಶ ನೌಕೆಯನ್ನು ಉಳಿಸಲು ಸೊಂಟದ ಹಗ್ಗವನ್ನು ತಾನೇ ಕತ್ತರಿಸಿಕೊಂಡು ಶನಿಯ ಬಳೆಗಳ ಆಚೆ ಕತ್ತಲಿಗೆ ತೇಲಿಹೋಗಿದ್ದಳು. ಭೂಮಿಯ ಮೇಲೆ ಅವಳ ಗಂಡ ರೇಡಿಯೋ ಆರಿಸದೆ ಕೂತಿದ್ದ.

ಬೈಮುರತನ ಹೆಂಡತಿ ತೀರಿಕೊಂಡು ಎರಡು ಚಳಿಗಾಲ ಕಳೆದಿತ್ತು. ಹೋದವರೊಬ್ಬರು ತಿರುಗಿ ಬಂದು ಬಾಗಿಲು ತಟ್ಟುವುದನ್ನು ಅವನಿಗೆ ಒಮ್ಮೆ ಕಣ್ಣಾರೆ ನೋಡಬೇಕಿತ್ತು. ಯಾರೋ ಹೇಳಿ ಕೇಳುವುದಲ್ಲ, ನೋಡಬೇಕಿತ್ತು. ಸಂಜೆ ಮರುಪ್ರಸಾರ ಇದ್ದೇ ಇರುತ್ತದೆ. ಅಲ್ಲಿಯವರೆಗೆ ಕಿವಿ ಕಾಪಾಡಿಕೊಂಡರೆ ಸಾಕು.

“ಸುಯಿನ್ಶಿ, ಬೈಮುರತ್!” ಬೇಲಿಯಾಚೆಯಿಂದ ಪಕ್ಕದ ಮನೆಯ ಝಿಬಾಗುಲ್ ಕೂಗಿದಳು.

ಒಳ್ಳೆಯ ಸುದ್ದಿ ತಂದವರು ಹಾಗೆ ಕೂಗಿ ಕೈ ಚಾಚುತ್ತಾರೆ. ಉಡುಗೊರೆ ಕೈಗೆ ಬಿದ್ದ ಮೇಲೆಯೇ ಸುದ್ದಿ ಬಾಯಿಂದ ಹೊರಡುವುದು.

“ಬೇಡಕ್ಕಾ! ಹೇಳ್ಬೇಡ!”

“ಅಯ್ಯೋ, ಸಂತೋಷದ್ದು ಕಣೋ! ರಾತ್ರಿ ಧಾರಾವಾಹಿದು...”

ಅವನು ಕತ್ತಿನ ಉಣ್ಣೆ ಶಾಲು ಕಿತ್ತು ಅವಳತ್ತ ಎಸೆದ. “ತಗೋ. ಸುದ್ದಿ ನಿನ್ನ ಹತ್ರಾನೇ ಇರ್ಲಿ!”

ಓಡುತ್ತಾ ಯೋಚಿಸಿದ. ಸಂತೋಷದ್ದು ಅಂದಳಲ್ಲ! ಆದರೆ ಝಿಬಾಗುಲ್‌ಗೆ ಅಕ್ಬೋತಳನ್ನು ಕಂಡರಾಗದು. ಗಂಡನಿಗೆ ಒಂದು ಬಟ್ಟಲು ಚಹಾ ಕಾಸಿಕೊಡದೆ ಆಕಾಶ ಸುತ್ತುವವಳು ಎಂದು ಮೂರು ವರ್ಷದಿಂದ ಬೈಯುತ್ತಿದ್ದಳು. ಅವಳ ಸಂತೋಷವನ್ನು ನಂಬುವ ಹಾಗಿಲ್ಲ.

ತಾನು ಕೆಲಸ ಮಾಡುವ ಬಸ್ ನಿಲ್ದಾಣದಲ್ಲಿ ಕಿವಿಗೆ ಹತ್ತಿ ತುರುಕಿಕೊಂಡು ಟಿಕೆಟ್ ಕಿಟಕಿಯ ಹಿಂದೆ ಕೂತ. ಏನೂ ಕೇಳಿಸದೆ, ಕರಗಂಡಿ ಪಟ್ಟಣಕ್ಕೆ ಮದುವೆಗೆ ಹೊರಟವರಿಗೆಲ್ಲ ಕುರಿಸಂತೆಯ ಬಸ್ಸಿನ ಟಿಕೆಟ್ ಕೊಟ್ಟ. ವರನ ತಾಯಿ ಕಿಟಕಿಯೊಳಗೆ ತಲೆ ತೂರಿಸಿದಳು. ಕುದಿಯುವ ಕೆಟಲಿನ ಮುಚ್ಚಳದಂತೆ ಅವಳ ಬಾಯಿ ಕುಣಿಯಿತು, ಸದ್ದು ಮಾತ್ರ ಇಲ್ಲ. ಬೈಮುರತ್ ನಕ್ಕು ತಲೆಯಾಡಿಸಿದ. ಅವಳು ಕೈಚೀಲದಿಂದ ಅವನ ತಲೆಗೆ ಒಂದು ಕೊಟ್ಟಳು.

ಚಹಾದ ಹೊತ್ತಿಗೆ ಡ್ರೈವರ್ ಮುಕಾಶ್ ಕಸಗುಡಿಸುವ ಒರಿನ್ಶಾಳಿಗೆ ಏನೋ ಹೇಳುತ್ತಿದ್ದ. ಎರಡೂ ಕೈ ಚಾಚಿ ನಿಧಾನ ತೇಲಿಸಿದ, ಕಣ್ಣು ಮುಚ್ಚಿದ. ಒರಿನ್ಶಾ ಪೊರಕೆಯನ್ನು ಎದೆಗೆ ಅವಚಿಕೊಂಡಳು. ಅಕ್ಬೋತ ಸತ್ತಳೇ? ತಡೆಯಲಾರದೆ ಬೈಮುರತ್ ಒಂದು ಕಿವಿಯ ಹತ್ತಿ ತೆಗೆದ.

“...ಹಗ್ಗ ಕತ್ತರಿಸ್ಕೊಂಡ ಮೇಲೆ ಒಂದ್ಸಲಾನೂ ಹಿಂತಿರುಗಿ ನೋಡ್ಲಿಲ್ಲ! ಅಷ್ಟು ದೊಡ್ಡ ಶನಿ, ಅದರ ಮುಂದೆ ಅವಳು ಜೋಳದ ಕಾಳಿನಷ್ಟು. ನನಗಂತೂ ಉಸಿರೇ ನಿಂತುಹೋಯ್ತು.”

ಸದ್ಯ, ಹೋದ ವಾರದ ಕಂತು. ಅಷ್ಟರಲ್ಲಿ ಮುಕಾಶ್ ಅವನನ್ನು ಕಂಡ. “ಏಯ್ ಬೈಮುರತ್! ಸುಯಿನ್ಶಿ!”

ಬೈಮುರತ್ ಚಹಾದ ಫ್ಲಾಸ್ಕನ್ನು ಅವನ ಮಡಿಲಿಗೂ, ಕೈಗವಸುಗಳನ್ನು ಒರಿನ್ಶಾಳ ಕೈಗೂ ತುರುಕಿ ಓಟ ಕಿತ್ತ.

“ಇವನಿಗೇನಾಯ್ತು?” ಎಂದಳು ಒರಿನ್ಶಾ, ಕೈಗವಸು ಹಾಕಿ ನೋಡುತ್ತಾ.

“ಯಾಕೆ ಕೇಳ್ತೀಯ? ಚೆನ್ನಾಗಿ ಒಪ್ತಾವೆ.”

ಬೀದಿಯ ತಿರುವಿನಲ್ಲಿ ಸಗಿಂದಿಕ್ ಅಜ್ಜ ಅವನ ಮುಂಗೈ ಹಿಡಿದ. ಅಜ್ಜ ಯೌವನದಲ್ಲಿ ಕುರಿ ಮೇಯಿಸುವಾಗ ಆಕಾಶದಿಂದ ನಿಜವಾದ ನೌಕೆಯೇ ಅವನ ಮಂದೆಯ ಪಕ್ಕ ಇಳಿದಿತ್ತು. ಹೊರಬಂದ ಗಗನಯಾತ್ರಿಗೆ ಕಾಲು ನಿಲ್ಲುತ್ತಿರಲಿಲ್ಲ. ಅಜ್ಜ ಅವನನ್ನು ತೊಡೆಗೆ ಒರಗಿಸಿಕೊಂಡು ಕುದುರೆಹಾಲು ಕುಡಿಸಿದ್ದ. ಅಂದಿನಿಂದ ಅಜ್ಜ ಆಕಾಶದ ಮಾತೆತ್ತಿದರೆ ಜಗಳವಾಡುವವರೂ ಸುಮ್ಮನಾಗುತ್ತಿದ್ದರು.

“ನಿಲ್ಲೋ ಮಗಾ. ಸುಯಿನ್ಶಿ.”

ಹಿರಿಯನ ಕೈ ಕೊಡವಿ ಓಡುವಂತಿಲ್ಲ. ಹಿರಿಯನಿಗೆ ಚಿಲ್ಲರೆ ವಸ್ತು ಕೊಡುವಂತೆಯೂ ಇಲ್ಲ. ಮೈಮೇಲೆ ಉಳಿದಿದ್ದ ಒಳ್ಳೆಯ ವಸ್ತು ಒಂದೇ, ನರಿಯ ತುಪ್ಪಳದ ಟೋಪಿ. ಹೆಂಡತಿ ಹೊಲಿದದ್ದು. ಬೈಮುರತ್ ಒಂದು ಕ್ಷಣ ನಿಂತ. ಆಮೇಲೆ ಅದನ್ನು ತೆಗೆದು ಅಜ್ಜನ ತಲೆಗಿಟ್ಟ.

“ದಮ್ಮಯ್ಯ ಅಜ್ಜಾ, ಹೇಳ್ಬೇಡ.”

ಅಜ್ಜ ಬೆರಗಾಗಿ ಟೋಪಿಯನ್ನೊಮ್ಮೆ ಸವರಿದ. “ನಿನ್ನ ಸಂತಾನ ಬೆಳೀಲಿ,” ಎಂದ.

ಸಂಜೆ ಬರಿತಲೆಯಲ್ಲಿ ನಡುಗುತ್ತಾ ಬೈಮುರತ್ ಟಿವಿ ಹಾಕಿದ. ಗೆದ್ದೆ ಅಂದುಕೊಂಡ. ಆಗ ಯಾರೋ ಬಾಗಿಲು ಬಡಿದರು. ಹೊರಗೆ ಎಲ್ಲರೂ ನಿಂತಿದ್ದರು: ಅವನ ಶಾಲು ಹೊದ್ದ ಝಿಬಾಗುಲ್, ಅವನ ಫ್ಲಾಸ್ಕ್ ಹಿಡಿದ ಮುಕಾಶ್, ಅವನ ಕೈಗವಸು ತೊಟ್ಟ ಒರಿನ್ಶಾ, ಎಲ್ಲರ ಮುಂದೆ ಅಜ್ಜ.

“ಅಯ್ಯೋ, ಯಾರೂ ಏನೂ ಹೇಳ್ಬೇಡಿ!”

“ಹೇಳೋಕೆ ನಾವೇನು ನೋಡಿದ್ದೀವಾ?” ಎಂದಳು ಝಿಬಾಗುಲ್. “ರಾತ್ರಿ ಗಾಳಿಗೆ ಪ್ರಸಾರದ ಕಂಬಾನೇ ಬಿತ್ತು. ಇಡೀ ಊರು ಕಪ್ಪು ಟಿವಿ ನೋಡ್ಕೊಂಡು ಮಲಗ್ತು. ಬೆಳಗ್ಗೆ ಸರಿಮಾಡಿದ್ರು, ಕೊನೇ ಕಂತು ಇವತ್ತು ಹಾಕ್ತಾರೆ. ಅದನ್ನೇ ಹೇಳೋಕೆ ಬಂದ್ರೆ ಶಾಲು ಎಸೆದು ಓಡಿದೆ! ನಿನ್ನ ದೊಡ್ಡ ಟಿವೀಲಿ ಎಲ್ಲರೂ ನೋಡೋಣ ಅಂತ ಬಂದ್ವಿ.”

ಬೈಮುರತನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕೊಟ್ಟದ್ದನ್ನು ಮರಳಿ ಕೇಳುವುದು ಈ ಊರಲ್ಲಿ ಸತ್ತರೂ ಆಗದ ಮಾತು.

ಅಜ್ಜನಿಗೆ ಗೌರವದ ಜಾಗ, ಟಿವಿಯ ನೇರ ಮುಂದೆ. ಮನೆಯ ಯಜಮಾನ ಚಹಾ ಹಾಕುತ್ತಾ ಬಾಗಿಲ ಬಳಿ. ಕಂತು ಶುರುವಾಯಿತು. ಬೈಮುರತನಿಗೆ ಕಂಡದ್ದು ಅಜ್ಜನ ತಲೆಯ ಟೋಪಿ ಮಾತ್ರ. ಎಡಕ್ಕೆ ವಾಲಿದ, ಟೋಪಿಯೂ ವಾಲಿತು. ಬಲಕ್ಕೆ ವಾಲಿದ, ಅದೂ ಬಂತು. ಹಿರಿಯನಿಗೆ ಟೋಪಿ ತೆಗೆ ಎನ್ನುವುದು ಹೇಗೆ?

ಟಿವಿಯಲ್ಲಿನ ಶನಿಯ ಬೆಳಕು ಟೋಪಿಯ ಆಚೆಯಿಂದ ಹಾಯ್ದು, ಹೆಂಡತಿ ಹೊಲಿದ ತುಪ್ಪಳದ ಒಂದೊಂದು ಕೂದಲೂ ನೀಲಿಯಾಗಿ ಉರಿಯಿತು. ಮುಕಾಶನ ಬಾಯಲ್ಲಿ ರೊಟ್ಟಿ ಹಾಗೇ ಉಳಿಯಿತು. ಝಿಬಾಗುಲ್ ಕೂಡ ಶಾಲನ್ನು ಬಾಯಿಗೊತ್ತಿಕೊಂಡಳು. ಟಿವಿಯಿಂದ ಬಾಗಿಲು ತಟ್ಟುವ ಸದ್ದು ಬಂತು: ಠಕ್. ಠಕ್.

“ಏನಾಯ್ತು?” ಬೈಮುರತ್ ತುದಿಗಾಲಲ್ಲಿ ನಿಂತು ಪಿಸುಗುಟ್ಟಿದ. “ಅಜ್ಜಾ, ಯಾರದು? ಏನಾಯ್ತು?”

ಅಜ್ಜ ತಿರುಗಿದ. ಗಡ್ಡವೆಲ್ಲ ನೆನೆದಿತ್ತು. ಕೈಯನ್ನು ಮುಂದೆ ಚಾಚಿದ.

“ಸುಯಿನ್ಶಿ, ಮಗಾ!”

ಬೈಮುರತನ ಬಳಿ ಉಳಿದಿದ್ದದ್ದು ಚಹಾದ ಕೆಟಲ್ ಒಂದೇ. ಅದನ್ನೇ ಕೊಟ್ಟ.