ಲಾಭ ಮುಟ್ಟದವನ ವಿಳಾಸ

ಮೈಲಾರಿ ಕಟ್ಟಿಸಿದ ನೀರಿನ ತೊಟ್ಟಿ ಸೋರತೊಡಗಿದ್ದೇ ಎಲ್ಲಕ್ಕೂ ಮೂಲ. ಜಗಳೂರು ಕಡೆಯ ಬಿಸಿಲಲ್ಲಿ ದಾರಿಗೆ ಬಂದ ಕುರಿಗಳೆಲ್ಲ ಅಲ್ಲೇ ಬಾಯಾರಿಕೆ ತೀರಿಸಿಕೊಳ್ಳಬೇಕು. ತೊಟ್ಟಿಯ ಹೆಸರಲ್ಲಿ ಇಂಟರ್‌ನೆಟ್ಟಿನಲ್ಲೊಂದು ವಿಳಾಸವಿದ್ದರೆ ದೂರದ ದಾನಿಗಳು ರಿಪೇರಿ ಮಾಡಿಸಿಯಾರು ಎಂಬ ಆಸೆಯಿಂದ ಅವನು ಬೆಳಗ್ಗೆಯೇ ಆನ್‌ಲೈನ್ ಸೆಂಟರಿನ ಅರ್ಪಿತಾಳ ಮುಂದೆ ಕೂತ.

"ಕೊನೇಲಿ ಡಾಟ್ ಆರ್ಗ್ ಹಾಕಣ ಮೈಲಾರಣ್ಣ. ಲಾಭ ನೋಡದೆ ಸೇವೆ ಮಾಡೋರು ಅದನ್ನೇ ಇಟ್ಕೊಳ್ಳೋದು."

"ಅಮೆರಿಕದಾಗೆ ಕುಂತೋರಿಗೂ ಕಾಣ್ತೈತಾ?"

"ಲೋಕಕ್ಕೆಲ್ಲ ಕಾಣ್ತೈತೆ."

ಮೈಲಾರಿಗೆ ಮೈ ಜುಮ್ಮೆಂದಿತು.

ಜೆರಾಕ್ಸ್ ಮಾಡಿಸಲು ಬಂದಿದ್ದ ಪಾಪಣ್ಣನ ಕಿವಿಗೆ ಇದು ಬಿತ್ತು. ಊರಿನ ಯಾವ ನ್ಯಾಯವೂ ಈ ಹಿರಿಯನ ಬಾಯಿ ತಪ್ಪಿಸಿ ಹೋದದ್ದಿಲ್ಲ.

"ಲಾಭ ಇಲ್ಲ ಅಂತ ಹೆಂಗೆ ಹೇಳ್ತೀಯಪ್ಪ? ತೊಟ್ಟಿ ಸುತ್ತ ಬಿದ್ದ ಕುರಿಹಿಕ್ಕೆ ಯಾರ ಹೊಲಕ್ಕೆ ಹೋಗ್ತೈತೆ?"

ಮೈಲಾರಿ ತಲೆ ತಗ್ಗಿಸಿದ. ಅವನ ಹೊಲಕ್ಕೇ ಹೋಗುತ್ತಿತ್ತು.

"ಆರ್ಗ್ ಯಾರು ಬೇಕಾದ್ರೂ ತಗೋಬಹುದು ಅಜ್ಜ. ಯಾರೂ ಕೇಳಲ್ಲ," ಎಂದಳು ಅರ್ಪಿತಾ.

"ಲೋಕದೋರು ಕೇಳದಿದ್ರೆ ನಾವು ಕೇಳ್ತೀವಿ, ತಡಿಯವ್ವ!"

ಮಧ್ಯಾಹ್ನದ ಹೊತ್ತಿಗೆ, ಆರ್ಗ್ ಯಾರಿಗೆ ಸಲ್ಲಬೇಕೆಂದು ತೀರ್ಮಾನಿಸಲು ಸೆಂಟರಿನ ಮುಂದೆ ಊರೇ ನೆರೆದಿತ್ತು. ಪುಕ್ಕಟೆ ಹಾಡುವ ತಮ್ಮ ಭಜನೆ ಸಂಘಕ್ಕೇ ಅದು ಸಲ್ಲಬೇಕೆಂದಳು ಕರಿಬಸಮ್ಮ.

"ಮಂಡಕ್ಕಿ ಮಿರ್ಚಿ ಕೊಡದ ಮನೇಲಿ ಎರಡನೇ ಪದ ಹಾಡಿದ್ದೈತಾ?" ಎಂದ ಪಾಪಣ್ಣ.

"ನೀವು ನ್ಯಾಯ ಹೇಳಿದ ಮನೇಲಿ ಉಣ್ಣದೆ ಎದ್ದಿದ್ದೈತೇನ್ರಿ?"

ಲಾಭ ಮುಟ್ಟದವರು ಊರಲ್ಲಿ ಒಬ್ಬರೂ ಸಿಗಲಿಲ್ಲ. ಅಷ್ಟರಲ್ಲಿ ಗುಡಿಗೆ ಬಿಟ್ಟ ಹೋರಿ, ಊರವರ ಬಾಯಲ್ಲಿ ಬಸವಣ್ಣ, ಯಾರದೋ ಮೆಕ್ಕೆಜೋಳದ ದಂಟು ಜಗಿಯುತ್ತ ಆ ದಾರಿಯಲ್ಲೇ ಬಂತು. ಪಾಪಣ್ಣ ಕೈ ಮುಗಿದ.

"ಇಲ್ಲೈತೆ ನೋಡ್ರಿ! ಹೂಡಾಕೆ ಬರಲ್ಲ, ಮಾರಾಕೆ ಆಗಲ್ಲ, ಯಜಮಾನ ಅಂತ ಯಾರೂ ಇಲ್ಲ. ಇದರಿಂದ ಯಾರಿಗಾದ್ರೂ ಲಾಭ ಐತಾ?"

"ಇಲ್ಲ!" ಎಂದಿತು ಊರು, ಒಂದೇ ದನಿಯಲ್ಲಿ. ಅಷ್ಟು ಖಾತ್ರಿಯಿಂದ ಊರು ಬೇರೇನನ್ನೂ ಹೇಳಿರಲಿಲ್ಲ.

ವಿಳಾಸ ಬಸವಣ್ಣನದೇ ಆಯಿತು. ಕೆಳಗೆ ತೊಟ್ಟಿಯ ಫೋಟೋ ಹಾಕಬಹುದೆಂದರು. ಮೈಲಾರಿ ಅಷ್ಟಕ್ಕೇ ಒಪ್ಪಿದ. ಯಜಮಾನರ ಹೆಸರು, ಫೋನ್ ನಂಬರು ಬೇಕೆಂದು ಅರ್ಪಿತಾ ಕೇಳಿದಾಗ ಬಸವಣ್ಣನಿಗೆ ಅವೆರಡೂ ಇಲ್ಲದ ಕಾರಣ ಮೈಲಾರಿಯದೇ ಹಾಕಿದರು. ಪರದೆಯ ಮೇಲೆ ಬಸವಣ್ಣನ ಮುಖ ಮೂಡಿತು. ಕರಿಬಸಮ್ಮ ಹೊರಗೆ ಹೋಗಿ ಚಪ್ಪಲಿ ಬಿಟ್ಟು ಬಂದಳು. ನಮ್ಮೂರ ಹೋರಿಯನ್ನು ಈಗ ಲೋಕವೇ ನೋಡುತ್ತಿದೆಯಲ್ಲ ಎಂದು ಮೈಲಾರಿಯ ಕಣ್ಣು ತುಂಬಿ ಬಂತು.

ಸಂಜೆ ಫೋನ್ ಬಂತು. ಅಮೆರಿಕದ್ದೇ ಇರಬೇಕೆಂದು ಅಂಗಿ ಸರಿಮಾಡಿಕೊಂಡು ಎತ್ತಿದ.

"ಬಸವಣ್ಣನ ಯಜಮಾನ್ರು ನೀವೇನ್ರಿ? ನಾನು ಪಕ್ಕದೂರಿನ ಹನುಮಂತಪ್ಪ. ನಮ್ಮ ಮೆಕ್ಕೆಜೋಳ ಪೂರಾ ಮೇಯ್ದೈತೆ. ಕೇಳಾಕೆ ಯಾರೂ ಇಲ್ಲ ಅಂತ ಇಷ್ಟು ವರ್ಷ ಸುಮ್ನಿದ್ವಿ. ಈಗ ಇಂಟರ್‌ನೆಟ್ಟಿನಾಗೆ ನಿಮ್ಮ ಹೆಸರು, ನಂಬರು ಎರಡೂ ಐತಲ್ರಿ!"

ಗಾಬರಿಯಿಂದ ಹೊರಬಂದರೆ ಅಂಗಳದ ತುಂಬ ಊರವರು. ಎಲ್ಲರಿಗಿಂತ ಮುಂದೆ ಪಾಪಣ್ಣ.

"ಬಸವಣ್ಣ ಮೇಯ್ದ ನಮ್ಮ ಶೇಂಗಾ ಹೊಲಕ್ಕೆ ಏನು ಹೇಳ್ತೀಯಪ್ಪ ಮೈಲಾರಿ?"

"ಪಾಪಣ್ಣಾರೆ, ಅದರಿಂದ ಯಾರಿಗೂ ಲಾಭ ಇಲ್ಲ ಅಂತ ನೀವೇ ಅಂದ್ರಲ್ರಿ!"

"ಲಾಭ ಇಲ್ಲ ಅಂದೆ," ಎಂದು ಪಾಪಣ್ಣ ಜಗಲಿಯ ಮೇಲೆ ಸರಿಯಾಗಿ ಕೂತ. "ನಷ್ಟ ಇಲ್ಲ ಅಂದ್ನಾ?"