ಸೀಟ್ ಬೆಲ್ಟ್ ಕಟ್ಟಿಕೊಂಡು ಬಂದ ಕಳ್ಳಿ

ವೆಳ್ಳಕೋಯಿಲ್‌ನಲ್ಲಿ ಮೋಟಾರ್ ಪಂಪಿನ ಅಂಗಡಿ ಇಟ್ಟಿರುವ ಮೋಹನ್ ರಾಜ್ ತನ್ನ ಮನೆಯಲ್ಲಿ ಗಟ್ಟಿಯಾಗಿ ಸೀನಿ ಎಷ್ಟೋ ಕಾಲವಾಗಿತ್ತು. ಸೀನು ಜಗಳದ ದನಿಯಂತೆ ಕೇಳಿಸಿಬಿಟ್ಟರೆ ಎಂಬ ಭಯ. ಅಂಗಡಿಯಲ್ಲಿ ಗಿರಾಕಿಗಳ ಮೇಲೆ ಎಗರಾಡುವ ಮನುಷ್ಯ ಗೇಟಿನೊಳಗೆ ಕಾಲಿಟ್ಟೊಡನೆ ಬೆಣ್ಣೆಯಾಗುತ್ತಿದ್ದ. ಇದಕ್ಕೆ ಕಾರಣ ಅಂಗಳದ ಮೂಲೆಯಲ್ಲಿ, ಅವನಿಗಿಂತ ಗೇಣು ಎತ್ತರಕ್ಕೆ, ಮೈತುಂಬ ಮುಳ್ಳು ಹೊತ್ತು ನಿಂತಿತ್ತು. ಅದೊಂದು ಕಂಬದಂಥ ಕಳ್ಳಿ.

ಅದು ಮನೆಗೆ ಬಂದದ್ದೇ ಒಂದು ಪುರಾಣ. ಹೆಂಡತಿ ಧರಣಿಗೆ (ದೂರದ ಸಂಬಂಧದಲ್ಲಿ ಅಕ್ಕನ ಮಗಳು, ಹಾಗಾಗಿ ಅವನನ್ನು ಕರೆಯುವುದು ಮಾವ ಎಂದೇ) ಸೀರೆ ಕೊಡಿಸಲು ಗಾಂಧಿಪುರಂಗೆ ಹೋದವನು, ಅಲ್ಲೇ ಹತ್ತಿರದ ನರ್ಸರಿಯೊಂದರಲ್ಲಿ ಈ ಹಸಿರು ಮಹಾಪುರುಷನನ್ನು ಕಂಡು ಮರುಳಾದ. ಮನೆಯ ಬಣ್ಣ ಅಮ್ಮನ ಆಯ್ಕೆ. ಪರದೆ ಹೆಂಡತಿಯದು. ತಾನು ತೊಟ್ಟ ಅಂಗಿಯೂ ಹೆಂಡತಿಯದೇ (ಅಂದರೆ ಆಯ್ಕೆ). ಇದೊಂದಾದರೂ ತನ್ನದಾಗಿರಲಿ ಎಂದು ಅವನಿಗೆ ಆಸೆಯಾಯಿತು. ಹಳೆಯ ಜಮಖಾನದಲ್ಲಿ ಸುತ್ತಿ, ಕಾರಿನ ಮುಂದಿನ ಸೀಟನ್ನು ಮಲಗಿಸಿ, ಕಳ್ಳಿಯ ತಲೆ ಹಿಂದಿನ ಸೀಟಿಗೆ ಬರುವಂತೆ ಒರಗಿಸಿ, ಸೀಟ್ ಬೆಲ್ಟನ್ನೂ ಕಟ್ಟಿದ. ಆಮೇಲೆ ನೋಡಿದರೆ ಧರಣಿಗೆ ಜಾಗವಿಲ್ಲ. ಅವಳು ಸೀರೆಯ ಚೀಲ ಹಿಡಿದು ಬಸ್ಸಿನಲ್ಲಿ ಬಂದಳು.

ಬಂದವಳು ಗೇಟಿನಲ್ಲೇ ಶುರುಮಾಡಿದಳು. "ನನ್ನನ್ನ ಬಸ್ಸಲ್ಲಿ ನಿಲ್ಸಿ, ಮುಳ್ಳಿಗೆ ಬೆಲ್ಟ್ ಕಟ್ಟಿ ಕರ್ಕೊಂಡು ಬಂದಿದ್ದೀರಲ್ಲ ಮಾವ, ನಿಮ್ಮ ಕೈಲಿ ತಾಳಿ ಕಟ್ಟಿಸ್ಕೊಂಡೋಳು ನಾನಾ, ಅದಾ?"

"ಅದು ದಾರಿಯುದ್ದಕ್ಕೂ ಒಂದು ಮಾತು ಆಡ್ಲಿಲ್ಲ," ಎಂದ ಮೋಹನ್ ರಾಜ್. ಆಗಿನ್ನೂ ಅವನಿಗೆ ಬಾಯಿತ್ತು.

ಜಗಳ ರಂಗೇರುವಷ್ಟರಲ್ಲಿ ಅಮ್ಮ ಕುಪ್ಪಮ್ಮ ಹೊರಬಂದಳು. ಹೊಲದ ಬದುವಿನ ಕಳ್ಳಿ ಕಡಿದು ಕಡಿದೇ ಮುದುಕಿಯಾದವಳು. "ನಾನು ಆಯಸ್ಸೆಲ್ಲ ಕಡ್ದು ಬಿಸಾಕಿದ್ದನ್ನ ನೀನು ದುಡ್ಡು ಕೊಟ್ಟು ತಂದ್ಯಾ ಸಾಮಿ? ಮುಳ್ಳು ಮನೆಗೆ ಬಂದ್ರೆ ಜಗಳ ಬರುತ್ತೆ. ನೋಡು, ಇಳ್ಸೋ ಮೊದ್ಲೇ ಬಂತು. ಇನ್ನೊಂದು ಸಲ ಗಂಡ ಹೆಂಡ್ತಿ ಜಗಳ ನನ್ನ ಕಿವಿಗೆ ಬೀಳ್ಲಿ, ನನ್ನ ಮಚ್ಚು ಇನ್ನೂ ಮೊಂಡಾಗಿಲ್ಲ."

ಅಂದಿನಿಂದ ಮೋಹನ್ ರಾಜನ ಬಾಯಿಗೆ ಬೀಗ ಬಿತ್ತು.

ಕಳ್ಳಿ ಸಾಕುವುದು ಸುಲಭ ಎನ್ನುವವರು ಕಳ್ಳಿ ಸಾಕಿದವರಲ್ಲ. ಮಣ್ಣಿಗೆ ಮರಳು, ಇಟ್ಟಿಗೆ ಚೂರು ಬೆರೆಸಬೇಕು. ಬೆರಳು ತೂರಿಸಿ, ಒಳಗೂ ಒಣಗಿದೆಯೆಂದು ಖಚಿತವಾದ ಮೇಲಷ್ಟೇ ನೀರು. ಬಿಸಿಲಿನ ಕಡೆ ವಾಲದಂತೆ ಆಗಾಗ ಕುಂಡ ತಿರುಗಿಸಬೇಕು. ಇದನ್ನೆಲ್ಲ ಅವನು ಶ್ರದ್ಧೆಯಿಂದ ಕಲಿತ. ಆದರೆ ಮಚ್ಚು ತೋರಿಸಿದ ಅಮ್ಮನೇ, ಒಣಮಣ್ಣು ಕಂಡರೆ ತಡೆಯಲಾರದ ಬೇಸಾಯಗಾರ್ತಿ, ಅಕ್ಕಿ ತೊಳೆದ ನೀರನ್ನು ತಂದು ಅದರ ಬುಡಕ್ಕೆ ಸುರಿಯುತ್ತಿದ್ದಳು. ಬುಡ ಕೊಳೆತರೆ ಮುಗಿಯಿತು ಕಥೆ. ಕೂಗುವಂತಿಲ್ಲ. "ಅಮ್ಮಾ, ಅದಕ್ಕೆ ಹೊಟ್ಟೆ ತುಂಬಿದೆ," ಎಂದು ನಯವಾಗಿ ಹೇಳಿ, ಅವಳು ಮರೆಯಾದ ಮೇಲೆ ಬುಡವನ್ನು ಒತ್ತಿ ಒತ್ತಿ ನೋಡುತ್ತಿದ್ದ. ಗಟ್ಟಿಯಿದೆಯೆಂದು ತಿಳಿಯುವವರೆಗೂ ಅವನಿಗೆ ಜೀವದಲ್ಲಿ ಜೀವವಿರುತ್ತಿರಲಿಲ್ಲ.

ಗಂಡನ ಈ ಶಾಂತಿಪರ್ವದ ಗುಟ್ಟು ಧರಣಿಗೆ ಬೇಗನೆ ಹೊಳೆಯಿತು. ಮೊದಲು ಉಪ್ಪಿಟ್ಟಿನಿಂದ ಪರೀಕ್ಷಿಸಿದಳು. ಬೆಳಗಿನ ಉಪ್ಪಿಟ್ಟೇ ಸಂಜೆಗೂ ಬಂತು.

"ಹೇಗಿದೆ ಮಾವ?"

ಅವನು ಕಿಟಕಿಯಾಚೆ ಕಳ್ಳಿಯತ್ತ ನೋಡಿದ. "ಹಳೇದಾದಷ್ಟೂ ರುಚಿ."

"ನಿಮ್ಮ ಹಳೇ ಸ್ಕೂಟರ್ ಮಾರಿಬಿಡೋಣ್ವಾ?"

"ಆಗ್ಲಿ."

"ನನ್ನ ತಮ್ಮ ಪ್ರೇಮ್ ಕುಮಾರ್ ಆಡಿ ತಿಂಗಳು ಪೂರ್ತಿ ಇಲ್ಲೇ ಬಂದು ಇರ್ತಾನಂತೆ."

ಈ ಬಾರಿ ಕಳ್ಳಿಯನ್ನು ತುಸು ಹೆಚ್ಚು ಹೊತ್ತು ನೋಡಬೇಕಾಯಿತು. "ಆಗ್ಲಿ."

ಆಡಿ (ಅಂದರೆ ಆಷಾಢ) ಬಂತು, ಪ್ರೇಮ್ ಕುಮಾರ್ ಬಂದ, ಅರೆಯುವ ಅಮ್ಮಿಕಲ್ಲನ್ನೂ ಹಾರಿಸುತ್ತದೆಂದು ಈ ಸೀಮೆಯವರು ಹೇಳುವ ಆಡಿ ಗಾಳಿಯೂ ಬಂತು. ಮೋಹನ್ ರಾಜ್ ಕಳ್ಳಿಯ ಸೊಂಟಕ್ಕೆ ಗೋಣಿತಟ್ಟು ಸುತ್ತಿ, ಅದರ ಮೇಲೆ ಹಗ್ಗ ಬಿಗಿದು ಜಗಲಿಯ ಕಂಬಕ್ಕೆ ಕಟ್ಟಿದ. ಒಂದು ಬೆಳಿಗ್ಗೆ ಹೊರಬಂದು ನೋಡಿದರೆ ಆ ಹಗ್ಗದ ಮೇಲೆ ಮನೆಯ ಅಷ್ಟೂ ಒದ್ದೆ ಬೆಡ್‌ಶೀಟುಗಳು ನೇತಾಡುತ್ತಿವೆ, ಜೊತೆಗೆ ಪ್ರೇಮ್ ಕುಮಾರನ ಲುಂಗಿ. ಗಾಳಿ ಬೀಸಿತು. ಬೆಡ್‌ಶೀಟುಗಳು ಉಬ್ಬಿ ಎಳೆದವು, ಕುಂಡ ಕರಕರ ಎಂದಿತು, ಕಳ್ಳಿ ವಾಲತೊಡಗಿತು. ಮೋಹನ್ ರಾಜ್ ಹಿಂದುಮುಂದು ನೋಡದೆ ಓಡಿಹೋಗಿ, ಬರೀ ಬನಿಯನ್ನಿನಲ್ಲಿ ಅದನ್ನು ತಬ್ಬಿಕೊಂಡ.

ತಬ್ಬಿದೊಡನೆ ಬಾಯಿಯ ಬೀಗ ಕಿತ್ತುಬಂತು. "ಯಾರೇ ಇಲ್ಲಿ ಬಟ್ಟೆ ಒಣಹಾಕಿದ್ದು? ನಿನ್ನ ಉಪ್ಪಿಟ್ಟನ್ನ ನಾಯೀನೂ ಮೂಸಲ್ಲ. ಸ್ಕೂಟರ್ ನಾನು ಮಾರಲ್ಲ. ನಿನ್ನ ತಮ್ಮನ್ನ ಲುಂಗಿ ಸಮೇತ ಇವತ್ತೇ ಬಸ್ ಹತ್ಸು."

ಬೀದಿಗೆಲ್ಲ ಕೇಳಿಸಿತು. ಕುಪ್ಪಮ್ಮ ಮಚ್ಚು ಹಿಡಿದು ಹೊರಬಂದಳು. ಇಷ್ಟು ದಿನ ನುಂಗಿಕೊಂಡದ್ದೆಲ್ಲ ನೀರಿನಲ್ಲಿ ಮಾಡಿದ ಹೋಮವಾಯಿತಲ್ಲ ಎಂದು ಮೋಹನ್ ರಾಜನ ಎದೆ ಒಡೆಯಿತು. ಕಣ್ಣು ಮುಚ್ಚಿದ. ಕಚಕ್ ಎಂದಿತು. ಕಣ್ಣು ಬಿಟ್ಟರೆ ಬೆಡ್‌ಶೀಟುಗಳೆಲ್ಲ ನೆಲದ ಮೇಲಿದ್ದವು. ಅಮ್ಮ ಕಡಿದದ್ದು ಹಗ್ಗವನ್ನು.

"ಇದನ್ನೂ ಕಡ್ದು ಹಾಕಮ್ಮ," ಎಂದ ಅವನು ಅಳುವ ದನಿಯಲ್ಲಿ. "ನಂಗೆ ಕಳ್ಳಿ ಬೇಡ, ನನ್ನ ಬಾಯಿ ಬೇಕು."

"ಬಿಡ್ತು ಅನ್ನು," ಎಂದಳು ಕುಪ್ಪಮ್ಮ. "ಇದು ಬಂದ್ಮೇಲೆ ತಾನೆ ನೀನು ಎದುರುತ್ತರ ಕೊಡೋದು ನಿಲ್ಸಿದ್ದು. ನಿಮ್ಮಪ್ಪನ ಕಾಲದಲ್ಲಿ ಇದು ಸಿಗ್ಲಿಲ್ವಲ್ಲ ಅಂತ ನಂಗೆ ಸಂಕಟ. ನಿನ್ನ ತಂಗಿ ಮನೆಗೂ ಒಂದು ತಂದುಕೊಡು, ಅಳಿಯನಿಗೆ ಬಾಯಿ ಜಾಸ್ತಿ."

"ಈಗ ಜಗಳ ಆಯ್ತಲ್ಲಮ್ಮ."

"ಜಗಳಕ್ಕೆ ಇಬ್ರು ಬೇಕು. ನನ್ನ ಸೊಸೆ ಬಾಯೇ ತೆಗೀಲಿಲ್ಲ. ನೀನು ಕೂಗಿದ್ದು ಮುಳ್ಳು ಚುಚ್ಚಿದ್ದಕ್ಕೆ. ಊರ ಕಣ್ಣು ಬಿದ್ದು ಪಾಪ ಇದು ವಾಲ್ತು. ಧರಣಿ, ಹೋಗಿ ಉಪ್ಪು ಮೆಣಸಿನಕಾಯಿ ತಗೊಂಡು ಬಾ ಕಂದ."

ಮೋಹನ್ ರಾಜ್ ಜಗಲಿಯ ಮೇಲೆ ಕೈ ಅಗಲಿಸಿಕೊಂಡು ಕುಳಿತ. ಮೈತುಂಬ ಮುಳ್ಳು ನಾಟಿ, ಕೈಯನ್ನು ಮೈಗೆ ತಾಕಿಸುವಂತಿರಲಿಲ್ಲ. ಎದುರಿಗೆ ಅಮ್ಮ ಕಳ್ಳಿಗೆ ದೃಷ್ಟಿ ತೆಗೆದು, ಮುಳ್ಳಿಲ್ಲದ ಜಾಗ ಹುಡುಕಿ ಅರಿಶಿನ ಕುಂಕುಮ ಇಟ್ಟಳು. ಮನೆಯಲ್ಲಿ ತನ್ನದೆಂದು ಇದ್ದ ಇದೊಂದೂ ಅಮ್ಮನದಾಯಿತಲ್ಲ ಎಂದು ಅವನಿಗೆ ಹೊಟ್ಟೆ ಉರಿಯಿತು.

ಧರಣಿ ಚಿಮುಟ ಹಿಡಿದು ಪಕ್ಕದಲ್ಲಿ ಕುಳಿತಳು. ಎದೆಯ ಮೇಲಿನ ಒಂದು ದೊಡ್ಡ ಮುಳ್ಳನ್ನು ಚಿಮುಟದಲ್ಲಿ ಹಿಡಿದು, ಎಳೆಯದೆ, ಹಾಗೇ ನಿಲ್ಲಿಸಿದಳು.

"ಪ್ರೇಮ್ ಇನ್ನೊಂದು ತಿಂಗಳು ಇರ್ಲಾ ಅಂತ ಕೇಳ್ತಿದ್ದಾನೆ ಮಾವ."

ಈ ಸಲ ಮೋಹನ್ ರಾಜ್ ಕಳ್ಳಿಯ ಕಡೆ ನೋಡಲಿಲ್ಲ. ಚಿಮುಟವನ್ನು ನೋಡಿದ.

"ಆಗ್ಲಿ," ಎಂದ.