ನಿಘಂಟಿನಲ್ಲಿಲ್ಲದ ವರ

ನಮ್ಮ ದೊಡ್ಡಪ್ಪನಷ್ಟು ಇಂಗ್ಲಿಷ್ ಬಲ್ಲವರು ಇಡೀ ಬೆಂಗಳೂರು ದಂಡಿನಲ್ಲೇ ಇರಲಿಲ್ಲ. ಹೀಗೆಂದು ಹೇಳುತ್ತಿದ್ದವರು ಬೇರೆ ಯಾರೂ ಅಲ್ಲ, ದೊಡ್ಡಪ್ಪನೇ! ಹಲಸೂರಿನಲ್ಲಿ ಗ್ರಂಧಿಗೆ ಅಂಗಡಿ ಇಟ್ಟುಕೊಂಡು ಬಜೆ, ಅರಿಶಿನದ ಕೊಂಬು ಮಾರುತ್ತಿದ್ದ ಅವರಿಗೆ ಈ ಪಾಂಡಿತ್ಯ ಬಂದದ್ದು ಒಂದು ಇಂಗ್ಲಿಷ್-ಕನ್ನಡ ನಿಘಂಟಿನಿಂದ. ಈಗಿನ ಶಿವಾಜಿನಗರದ ಗುಜರಿ ಅಂಗಡಿಯಲ್ಲಿ ಕೊಂಡದ್ದು. ಅವರ ತಾತನ ಕಾಲದಲ್ಲಿ ಅಚ್ಚಾದ ಪುಸ್ತಕ. "ಇದ್ರಲ್ಲಿ ಇಲ್ದಿರೋ ಇಂಗ್ಲಿಷು ದುನಿಯಾದಲ್ಲೇ ಇಲ್ಲ ಅಣ್ಣಾ" ಎಂದರಂತೆ ಅಂಗಡಿಯ ಸಾಹೇಬರು. ಮಾರುವವರು ಇನ್ನೇನು ಹೇಳುತ್ತಾರೆ? ದೊಡ್ಡಪ್ಪ ಅದನ್ನು ವೇದವಾಕ್ಯ ಮಾಡಿಕೊಂಡುಬಿಟ್ಟರು.

ಅಲ್ಲಿಂದ ಶುರುವಾಯಿತು ನಮ್ಮ ಗ್ರಹಚಾರ. ಬಸ್ಸು ಎಂಬ ಪದ ಆ ಪುಸ್ತಕದಲ್ಲಿರಲಿಲ್ಲ. ಕೃಷ್ಣರಾಜಪುರದ ನೆಂಟರ ಮನೆಗೆ ಹೊರಟಾಗ ಕಣ್ಣೆದುರು ಬಸ್ಸು ನಿಂತಿತ್ತು, ಕಂಡಕ್ಟರು ಕೂಗುತ್ತಿದ್ದ. "ಇಲ್ಲದ ಗಾಡಿ ಹತ್ತಿದ್ರೆ ಇಲ್ಲದ ಊರಿಗೇ ಹೋಗ್ತೀವಿ, ನಡೀರಿ" ಎಂದು ನಮ್ಮೆಲ್ಲರನ್ನೂ ಬಿಸಿಲಲ್ಲಿ ನಡೆಸಿದರು. ನನ್ನ ಕಾಲಿನ ಬೊಬ್ಬೆಗಳು ಯಾವ ನಿಘಂಟಿನಲ್ಲಿದ್ದವೋ!

ಇನ್ನು ಬಲ್ಬು. ಆ ಪದವೇನೋ ಇತ್ತು, ಆದರೆ ಅರ್ಥ 'ಈರುಳ್ಳಿ ಜಾತಿಯ ಗೆಡ್ಡೆ' ಎಂದಿತ್ತು. ಮನೆಗೆ ಕರೆಂಟು ಹಾಕಲು ಬಂದ ತಮಿಳು ಮೇಸ್ತ್ರಿಯನ್ನು ನಿಲ್ಲಿಸಿ, "ಏನಯ್ಯಾ, ಸೂರಿಗೆ ಈರುಳ್ಳಿ ಕಟ್ತೀಯಾ?" ಎಂದು ಗದರಿದರು. ಅವನು ತಲೆ ಕೆರೆದುಕೊಂಡು ಹೋದವನು ಮತ್ತೆ ಬರಲಿಲ್ಲ. ಬೀದಿಯೆಲ್ಲ ಝಗಝಗ ಎನ್ನುವಾಗ ನಾವು ಮಾತ್ರ ಸೀಮೆಎಣ್ಣೆ ಬುಡ್ಡಿ ಹಚ್ಚುತ್ತಿದ್ದೆವು.

ಇಷ್ಟನ್ನೂ ಸಹಿಸಿಕೊಂಡೆ. ಆದರೆ ಅಕ್ಕನ ಮದುವೆಯ ವಿಷಯದಲ್ಲಿ ನನಗೆ ನಿಜವಾಗಿಯೂ ಸಿಟ್ಟು ಬಂತು. ಅಪ್ಪ ಬ್ರಿಟಿಷರ ಸೈನ್ಯದ ಪಟಾಲಮ್ಮಿನ ಕುದುರೆ ಲಾಯದಲ್ಲಿ ಕೆಲಸಕ್ಕಿದ್ದು, ದೂರದ ಗಡಿಯಲ್ಲಿ ತೀರಿಕೊಂಡಾಗ ನಾನಿನ್ನೂ ತೊಟ್ಟಿಲಲ್ಲಿದ್ದೆ. ಅಮ್ಮ, ಅಕ್ಕ, ನಾನು ಮೂವರೂ ದೊಡ್ಡಪ್ಪನ ಆಸರೆಯಲ್ಲೇ ಇದ್ದವರು. ತಂದೆಯಿಲ್ಲದ ಹುಡುಗಿಗೆ ಸಂಬಂಧ ಕೂಡಿಬರುವುದೇ ಕಷ್ಟ. ಹಾಗಿರುವಾಗ ಹುಡುಗನೊಬ್ಬ ತಾನಾಗಿ ತಾಯಿಯನ್ನು ಕರೆದುಕೊಂಡು ಬಂದ. ಎರಡನೇ ಮಹಾಯುದ್ಧದ ಕಾಲ, ದಂಡಿನ ಮಿಲಿಟರಿ ಆಫೀಸಿನಲ್ಲಿ ಟೈಪಿಸ್ಟ್. ಅಕ್ಕ ಬಾಗಿಲ ಸಂದಿಯಿಂದ ನೋಡಿ ಕೆಂಪಾದಳು. ಅಷ್ಟು ಸಾಲದೇ?

ಸಾಲಲಿಲ್ಲ! ದೊಡ್ಡಪ್ಪ ನಿಘಂಟು ತಂದು ಹುಡುಗನ ಉಪ್ಪಿಟ್ಟಿನ ತಟ್ಟೆಯ ಪಕ್ಕದಲ್ಲೇ ಬಿಚ್ಚಿದರು. ಹಾಳೆ ತಿರುವಿದರು. ಕನ್ನಡಕ ಒರೆಸಿಕೊಂಡು ಮತ್ತೆ ತಿರುವಿದರು.

"ಟೈಪಿಸ್ಟ್ ಅನ್ನೋದೇ ಇಲ್ವಲ್ರೀ. ಇಲ್ಲದ ಕೆಲಸ ಮಾಡೋರಿಗೆ ಹೆಣ್ಣು ಹೇಗ್ರೀ ಕೊಡೋದು?"

ಹುಡುಗನ ತಾಯಿ ತಟ್ಟೆ ಕೆಳಗಿಟ್ಟರು. ಅಕ್ಕನ ಮುಖ ನೋಡಲಾಗಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಆ ಪುಸ್ತಕದಲ್ಲಿ ನಮ್ಮಕ್ಕನ ಹೆಸ್ರೂ ಇಲ್ಲ ದೊಡ್ಡಪ್ಪ! ಅವ್ಳೂ ಇಲ್ಲ ಅಂದ್ಬಿಡಿ!"

"ಬಾಯ್ಮುಚ್ಚೇ" ಎಂದರು ದೊಡ್ಡಪ್ಪ. ಹುಡುಗ ಮಾತ್ರ ಎದ್ದು ಹೋಗಲಿಲ್ಲ. ತಗ್ಗಿದ ದನಿಯಲ್ಲಿ ಹೇಳಿದ: "ಇರ್ಲಿ ಬಿಡಿ ಯಜಮಾನ್ರೇ, ನಾನು ಮಾಡೋ ಕೆಲ್ಸಾನೇ ಹೇಳ್ತೀನಿ. ಯುದ್ಧದಲ್ಲಿ ಸತ್ತೋರ ಮನೆಗೆ ಆಫೀಸಿಂದ ಇಂಗ್ಲಿಷ್ ಕಾಗ್ದ ಹೋಗತ್ತಲ್ಲ, ಅದನ್ನ ಟೈಪು ಹೊಡೀತೀನಿ. ಓದಕ್ಕೆ ಬರದೇ ಇರೋರೇ ಜಾಸ್ತಿ. ಅದಕ್ಕೇ ಕೆಳಗಡೆ ಕನ್ನಡದಲ್ಲೋ ತಮಿಳಲ್ಲೋ ನಾಲ್ಕು ಮಾತು ಕೈಯಲ್ಲಿ ಬರೆದುಬಿಡ್ತೀನಿ. ಸಾಹೇಬ್ರಿಗೆ ಗೊತ್ತಿಲ್ಲ."

ದೊಡ್ಡಪ್ಪ ನಿಘಂಟನ್ನು ಮುಚ್ಚಿ ಅದರ ಮೇಲೆ ಕೈಯಿಟ್ಟರು.

"ನಮ್ಮನೇಗೂ ಅಂಥದ್ದೊಂದು ಬಂದಿತ್ತಪ್ಪ" ಎಂದರು. "ಕೆಳಗೆ ಯಾರೂ ಏನೂ ಬರೆದಿರಲಿಲ್ಲ. ಮೇಲೆ ಸರ್ಕಾರದ ಮೊಹರಿತ್ತು, ತಮ್ಮನ ಹೆಸರಿತ್ತು. ಬಡ್ತಿ ಸಿಕ್ಕಿದೆ ಅಂದ್ಕೊಂಡೆ. ಬೀದಿಗೆಲ್ಲ ಸಕ್ಕರೆ ಹಂಚಿದೆ. ಇವಳಮ್ಮನ ಕೈಗೂ ಹಾಕ್ದೆ. ಸಾಯಂಕಾಲ ಪಾದ್ರಿಗಳು ಓದಿ ಹೇಳಿದ್ರು. ಆಮೇಲೇ ನಾನು ಈ ಪುಸ್ತಕ ತಂದಿದ್ದು."

ನನಗೆ ಈ ಸಂಗತಿಯನ್ನು ಯಾರೂ ಹೇಳಿರಲಿಲ್ಲ. ಅಷ್ಟು ದಿನ ಅವರ ಮೇಲೆ ಕುದಿಯುತ್ತಿದ್ದ ನನ್ನ ಸಿಟ್ಟು ಎಲ್ಲಿ ಹೋಯಿತೋ, ಕಣ್ಣು ತುಂಬಿಬಂತು.

ಗಂಡನಿಲ್ಲದ ಅಮ್ಮ ಶುಭಕಾರ್ಯಗಳಲ್ಲಿ ಬಾಗಿಲಾಚೆಯೇ ನಿಲ್ಲುತ್ತಿದ್ದಳು. ಆ ದಿನ ಅವಳು ರೇಷನ್ ಸಕ್ಕರೆಯ ಡಬ್ಬಿ ಹಿಡಿದು ನಡುಮನೆಗೇ ಬಂದಳು. "ಹುಡುಗ ನಮಗೆ ಒಪ್ಪಿಗೆ ಅಂತ ಹೇಳಿ ಭಾವ. ಇವತ್ತು ನೀವೇ ಹಂಚಿ" ಎಂದಳು.

ದೊಡ್ಡಪ್ಪ ಡಬ್ಬಿ ತೆಗೆದುಕೊಂಡರು. ಹುಡುಗನೂ ಅವನ ತಾಯಿಯೂ ಕೈ ಒಡ್ಡಿದರು. ಮೊದಲ ಹಿಡಿ ಸಕ್ಕರೆಯನ್ನು ದೊಡ್ಡಪ್ಪ ಅಮ್ಮನ ಕೈಗೆ ಹಾಕಿದರು.